ಹೆದ್ದಾರಿ ಹೋಟೆಲ್ಲಿನ ನಮಾಝ್ ಕೋಣೆ

ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಸಸ್ಯಾಹಾರಿ ಹೋಟೆಲ್ಲೊಂದರಲ್ಲಿ ಪ್ರಯಾಣಿಕರಿಗಾಗಿ ನಮಾಝ್ ಕೋಣೆಯನ್ನು ಕಟ್ಟಿಸಿದ್ದಾರೆ; ಊಟಕ್ಕಿಂತ ಅದರ ಕುರಿತೇ ಬರೆಯಬೇಕೆನಿಸಿತು. ದಿನದ ಐದು ನಮಾಝ್‌ಗಳು ನಿಗದಿತ ವೇಳೆಯಲ್ಲಿ ಕಡ್ಡಾಯವಾಗಿರುವುದರಿಂದ, ಅದರಲ್ಲೂ ಸೂರ್ಯಾಸ್ತದೊಡನೆ ಆರಂಭವಾಗಿ ಪಡುವಣದ ಕೆಂಪು ಮಾಸುವುದರೊಳಗೆ ಮುಗಿಸಬೇಕಾದ ಮಗ್ರಿಬ್‌ನ ಅವಧಿ ಕಿರಿದಾಗಿರುವುದರಿಂದ, ದಾರಿಯಲ್ಲಿ ಶುಚಿಯಾದ ಜಾಗ ಸಿಗುವುದು ದೊಡ್ಡ ನೆಮ್ಮದಿ. ದೂರ ಪ್ರಯಾಣದಲ್ಲಿ ನಾಲ್ಕು ರಕಅತ್‌ಗಳ (ನಿಂತು, ಬಾಗಿ, ಸಾಷ್ಟಾಂಗವೆರಗುವ ಒಂದು ಸುತ್ತೇ ರಕಅತ್) ಕಡ್ಡಾಯ ನಮಾಝನ್ನು ಎರಡಕ್ಕೆ ಇಳಿಸಿಕೊಳ್ಳುವ ರಿಯಾಯಿತಿ ಇದೆಯೇ ಹೊರತು, ಬಿಟ್ಟುಬಿಡುವ ರಿಯಾಯಿತಿ ಇಲ್ಲ. ಮಗ್ರಿಬ್‌ನ ಮೂರು ರಕಅತ್‌ಗಳಂತೂ ಹಾಗೆಯೇ ಉಳಿಯುತ್ತವೆ.

ಇಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ವುಝೂ, ಅಂದರೆ ನಮಾಝ್‌ಗೆ ಮುನ್ನ ಅಂಗಶುದ್ಧಿ ಮಾಡಿಕೊಳ್ಳುವ ವ್ಯವಸ್ಥೆ. ಕುಳಿತುಕೊಳ್ಳಲು ಕಲ್ಲಿನ ಕಟ್ಟೆ, ತಗ್ಗಿನಲ್ಲಿ ಜೋಡಿಸಿದ ನಲ್ಲಿಗಳು, ಜಾರದ ನೆಲ ಇರುವುದರಿಂದ ಮಂಡಿನೋವಿನ ಹಿರಿಯರೂ ಯಾರ ಆಸರೆಯಿಲ್ಲದೆ ಮುಖ, ಮೊಣಕೈವರೆಗಿನ ಕೈ, ಕಾಲುಗಳನ್ನು ತೊಳೆದುಕೊಳ್ಳಬಹುದು. ಊಟದ ಬೇಸಿನ್ನಿಗೆ ಕಾಲೆತ್ತುವ ಮುಜುಗರ ಯಾರಿಗೂ ಇಲ್ಲ. ನಮಾಝ್‌ನಲ್ಲಿ ಮುಖ ಮಾಡಿ ನಿಲ್ಲಬೇಕಾದ ಮಕ್ಕಾ ನಮ್ಮ ಸೀಮೆಯಿಂದ ನೇರ ಪಶ್ಚಿಮಕ್ಕಿರದೆ ತುಸು ಉತ್ತರಕ್ಕೆ ವಾಲಿರುವುದನ್ನು ಗಮನಿಸಿ, ನೆಲದ ಮೇಲಿನ ಸಾಲುಗಳನ್ನು ಅದಕ್ಕೆ ತಕ್ಕಂತೆ ಓರೆಯಾಗಿ ಎಳೆಸಿದ್ದಾರೆ. ಜಾನಮಾಝ್‌ಗಳನ್ನು (ನಮಾಝ್‌ಗೆ ಹಾಸುವ ಚಾಪೆಗಳನ್ನು) ಒಗೆದು ಮಡಚಿಟ್ಟಿದ್ದರು.

ಶುಲ್ಕವಿಲ್ಲ, ತಿಂಡಿ ತಿನ್ನಲೇಬೇಕೆಂಬ ಒತ್ತಾಯವೂ ಇಲ್ಲ. ಬೆಣ್ಣೆ ದೋಸೆ ಚೆನ್ನಾಗಿತ್ತು.

ಕೊರತೆ ಮಹಿಳೆಯರ ಭಾಗದಲ್ಲಿದೆ. ಪರದೆ ಕಟ್ಟಿ ಜಾಗ ಬಿಟ್ಟಿದ್ದರೂ ಅವರಿಗೆಂದು ಬೇರೆ ನಲ್ಲಿಗಳಿಲ್ಲದ ಕಾರಣ, ನನ್ನ ಅತ್ತಿಗೆ ಗಂಡಸರೆಲ್ಲ ಹೊರಬರುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮಗ್ರಿಬ್‌ನ ವೇಳೆ ಬಹುಪಾಲು ಸರಿದಿತ್ತು. ಹಿಂಬದಿಯ ಗೋಡೆಗೆ ಎರಡು ನಲ್ಲಿ ಹಾಕಿಸಿ ಮರೆ ಕಟ್ಟಿದರೆ ಸಾಕೆಂದು ವ್ಯವಸ್ಥಾಪಕರಿಗೆ ಹೇಳಿ ಬಂದಿದ್ದೇನೆ.