ಯುಟಿಎಫ್‌8ಎಂಬಿ4: ಪಿಎಚ್‌ಪಿ ಜೊತೆ ಬಳಸಿ ನೋಡಿದ್ದು

ಗಾದೆಗಳನ್ನು ಕೂಡಿಡುವ ಪುಟ್ಟ ತಾಣವೊಂದನ್ನು ನಡೆಸುತ್ತೇನೆ. ಕೋಡ್ ಪಿಎಚ್‌ಪಿಯಲ್ಲಿ ನಾನೇ ಬರೆದದ್ದು, ಹಿಂಬದಿಯ ಡೇಟಾಬೇಸ್ ಮೈಎಸ್‌ಕ್ಯೂಎಲ್. ಟೇಬಲ್ಲುಗಳನ್ನೆಲ್ಲ ಯುಟಿಎಫ್‌8ಎಂಬಿ4 ಎಂಬ ಚಾರ್‌ಸೆಟ್‌ಗೆ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ತಂದು ಬಹಳ ದಿನವಾಯಿತು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಹೆಸರಿನ ಲೆಕ್ಕಕ್ಕೆ.

ಯಾಕೆಂದರೆ ಅಲ್ಲಿ ‘ಯುಟಿಎಫ್‌8’ ಅಂತ ಇನ್ನೊಂದಿದೆ. ಹೊಸಬರು ಯಾರೇ ಆಗಲಿ ಅದನ್ನೇ ಆರಿಸುತ್ತಾರೆ, ನಾನೂ ಆರಿಸಿದ್ದೆ. ಅದು ಒಂದು ಚಿಹ್ನೆಗೆ 3 ಬೈಟ್‌ಗಿಂತ ಹೆಚ್ಚು ಕೊಡುವುದಿಲ್ಲ. ಕನ್ನಡದ ಚಿಹ್ನೆಗಳಿಗೆ ಬೇಕಾಗುವುದೂ ಸರಿಯಾಗಿ ಮೂರೇ, ಹಾಗಾಗಿ ನನ್ನ ಗಾದೆಗಳು ತೆಪ್ಪಗೆ ಕೂತಿದ್ದವು. ಒಂದು ದಿನ ಯಾರೋ ಗಾದೆಯ ನಡುವೆ ನಗುವ ಇಮೋಜಿ ತೂರಿಸಿದರು. ಅದಕ್ಕೆ 4 ಬೈಟ್. ತಪ್ಪು ಡೇಟಾ ಬಂದರೆ ತಡೆಯುವ ಸ್ಟ್ರಿಕ್ಟ್ ಮೋಡ್ ಕಿರಿಕಿರಿ ಅಂತ ಆಫ್ ಮಾಡಿಟ್ಟಿದ್ದೆನಲ್ಲ, ಎರರ್ ಕೂಡ ಬರಲಿಲ್ಲ. ಇಮೋಜಿಯಿಂದ ಆಚೆಗಿದ್ದ ಅರ್ಧ ಗಾದೆ ಮಾಯ. ನಾಲ್ಕು ಬೈಟಿನ ಎಂಬಿ4 2010ರಲ್ಲೇ, ಮೈಎಸ್‌ಕ್ಯೂಎಲ್‌ನ 5.5.3 ಆವೃತ್ತಿಯಲ್ಲಿ ಬಂದಿತ್ತು.

ಟೇಬಲ್ ಬದಲಾಯಿಸಿದರೆ ಮುಗಿಯಿತು ಅಂದುಕೊಂಡಿದ್ದು ನನ್ನ ದಡ್ಡತನ. ಆಗ ನನ್ನದು 5.7, ಅದರ ಡಿಫಾಲ್ಟ್ ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಆದ ಲ್ಯಾಟಿನ್‌1. ಪಿಎಚ್‌ಪಿಯಿಂದ ಡೇಟಾಬೇಸ್‌ಗೆ ಹೋಗುವ ಕನೆಕ್ಷನ್ನಿಗೆ ಯಾವ ಚಾರ್‌ಸೆಟ್ ಅಂತ ನಾನು ಹೇಳಿರಲಿಲ್ಲ. ಹೋಗುವಾಗ ತಪ್ಪು, ಬರುವಾಗ ಅದೇ ತಪ್ಪು ತಿರುವುಮುರುವು, ಹಾಗಾಗಿ ಪುಟದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಬೇರೆ ಟೂಲ್‌ನಲ್ಲಿ ಟೇಬಲ್ ತೆರೆದಾಗ ಎದೆ ಧಸಕ್ಕೆಂದಿತು. ಒಂದೊಂದು ‘ಕ’ ಇದ್ದ ಕಡೆಯೂ ಮೂರು ಮೂರು: ತಲೆ ಮೇಲೆ ಗೀಟೆಳೆದ ಇಂಗ್ಲಿಷ್ ‘ಎ’, ಮೇಲಕ್ಕೆ ಹತ್ತಿ ಕೂತ ಪುಟ್ಟ ಎರಡು, ಒಂದು ದಪ್ಪ ಬೊಟ್ಟು. ಪುಣ್ಯಕ್ಕೆ ಬೈಟ್‌ಗಳು ಕಳೆದಿರಲಿಲ್ಲ. ಬ್ಯಾಕಪ್ ತೆಗೆದಿಟ್ಟು, ಕಾಲಂ ಅನ್ನು ಲ್ಯಾಟಿನ್‌1ಕ್ಕೆ ತಿರುಗಿಸಿ, ಅದನ್ನು ಬೈನರಿ ಎಂದು ಹಿಡಿದು, ಮತ್ತೆ ಎಂಬಿ4 ಎಂದು ಓದಿಸಿದೆ. ಕನ್ನಡ ಎದ್ದು ಬಂತು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಆಗಿದ್ದಿದ್ದರೆ ದೇವರೇ ಬಂದರೂ ಆಗುತ್ತಿರಲಿಲ್ಲ. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಮುಟ್ಟುವ ದಾರಿ) ತೆರೆಯುವ ಸಾಲಿನಲ್ಲೇ ಚಾರ್‌ಸೆಟ್ ಬರೆಯಿರಿ, ಅಷ್ಟೇ. 8.0ರಿಂದ ಸರ್ವರಿನ ಡಿಫಾಲ್ಟೇ ಎಂಬಿ4, ಆದರೂ ನಾನು ಬರೆಯುತ್ತೇನೆ.

ಹಳೆಯ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಟೇಬಲ್ ಇಡುವ ಎಂಜಿನ್) ಟೇಬಲ್ ಇದ್ದವರಿಗೆ ಒಂದು ಮಾತು: ಹುಡುಕಾಟ ಬೇಗ ಆಗಲೆಂದು ಇಡುವ ಇಂಡೆಕ್ಸ್‌ಗೆ 767 ಬೈಟ್ ಮಿತಿ. ಚಿಹ್ನೆಗೆ ನಾಲ್ಕು ಬೈಟ್‌ನಂತೆ 255 ಚಿಹ್ನೆಗಳ ಕಾಲಂ ಹಿಡಿಸುವುದಿಲ್ಲ, 191ಕ್ಕೆ ಇಳಿಸಬೇಕಾಗುತ್ತದೆ.

ಡೇಟಾಬೇಸ್ ದಾರಿಗೆ ಬಂದ ಮೇಲೆ ಕಾಟ ಕೊಟ್ಟದ್ದು ಪಿಎಚ್‌ಪಿ. ‘ಕನ್ನಡ’ ಎಷ್ಟುದ್ದ ಅಂತ ಬೈಟ್ ಎಣಿಸುವ ಸ್ಟ್ರ್‌ಲೆನ್‌ಗೆ ಕೇಳಿ, 15 ಅನ್ನುತ್ತದೆ. ಚಿಹ್ನೆ ಎಣಿಸುವ ಎಂಬಿ_ಸ್ಟ್ರ್‌ಲೆನ್ 5 ಅನ್ನುತ್ತದೆ, ನಡುವೆ ಒತ್ತಕ್ಷರ ಮಾಡುವ ಹಲಂತ ಚಿಹ್ನೆಯನ್ನೂ ಸೇರಿಸಿ. ನನ್ನ ಕಣ್ಣಿಗೆ ಮೂರೇ ಅಕ್ಷರ. ಮುಖಪುಟಕ್ಕೆ ಅಂತ ಗಾದೆಗಳನ್ನು ಬೈಟ್ ಲೆಕ್ಕದ ಸಬ್‌ಸ್ಟ್ರ್‌ನಲ್ಲಿ 100ಕ್ಕೆ ಕತ್ತರಿಸಿದ್ದೆ. ಅಕ್ಷರವೊಂದರ ಹೊಟ್ಟೆಗೇ ಕತ್ತರಿ ಬಿದ್ದು, ಪಟ್ಟಿಯನ್ನು ಪುಟಕ್ಕೆ ಕಳಿಸುವ ರೂಪಕ್ಕೆ ತರುವ ಜೇಸನ್ ಎನ್‌ಕೋಡ್ ‘ಫಾಲ್ಸ್’ (ಆಗಲಿಲ್ಲ) ಕೊಟ್ಟು, ಇಡೀ ಪಟ್ಟಿ ಖಾಲಿ. ಎಂಬಿ_ಸಬ್‌ಸ್ಟ್ರ್‌ಗೆ ಬದಲಾಯಿಸಿದೆ. ಬೈಟ್ ಒಡೆಯುವುದು ನಿಂತಿತು, ಆದರೆ ಮೂರಕ್ಕೆ ಕತ್ತರಿಸಿದರೆ ‘ಕನ್ನಡ’ ಹೋಗಿ ‘ಕನ್’ ಆಗುತ್ತದೆ. ಈಗ ಮಿತಿಯ ಹಿಂದೆ ಸಿಗುವ ಮೊದಲ ಖಾಲಿ ಜಾಗ ಹುಡುಕಿ ಅಲ್ಲೇ ನಿಲ್ಲಿಸುತ್ತಿದ್ದೇನೆ.