ಚಿನ್ನದ ಮೈಯ ‘ಲೈಕಾ’: ಕೊಳ್ಳುವ ಮುನ್ನ ಲೆನ್ಸ್ ಬಿಚ್ಚಿ ನೋಡಿ

ಹಳೆಯ ಕ್ಯಾಮೆರಾ ಮಾರುವ ಕಡೆ ಹುಡುಕಿದರೆ ಒಂದಲ್ಲ ಒಂದು ದಿನ ಇದು ಕಣ್ಣಿಗೆ ಬೀಳುತ್ತದೆ: ಹೊಳೆಯುವ ಚಿನ್ನದ ಲೇಪ, ಹಾವಿನ ಚರ್ಮದಂಥ ಹೊದಿಕೆ, ಮೇಲೆ ‘ಲೈಕಾ’ ಎಂಬ ಕೆತ್ತನೆ, ಪಕ್ಕದಲ್ಲಿ ‘ಬರ್ಲಿನ್ 1936’ರ ಒಲಿಂಪಿಕ್ ಉಂಗುರಗಳು ಇಲ್ಲವೇ ಜರ್ಮನ್ ವಾಯುಪಡೆಯ ಹದ್ದು. ನೋಡಲು ಬಲು ಚಂದ. ಆದರೆ ಇಂಥವುಗಳಲ್ಲಿ ಬಹುತೇಕ, ಲೈಕಾ ತಯಾರಿಸಿದ ಜರ್ಮನಿಯ ವೆಟ್ಸ್ಲರ್‌ನ ಲೈಟ್ಸ್ ಕಾರ್ಖಾನೆಯವಲ್ಲ. ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ 1934ರಿಂದ ತಯಾರಾದ ‘ಫೆಡ್’ ಅಥವಾ ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್‌ನಲ್ಲಿ 1948ರಿಂದ ತಯಾರಾದ ‘ಝೋರ್ಕಿ’ ಕ್ಯಾಮೆರಾವನ್ನು ಬಿಚ್ಚಿ, ಹಳೆಯ ಹೆಸರು ಉಜ್ಜಿ ತೆಗೆದು, ಹೊಸ ಹೆಸರು ಕೊರೆದು ಜೋಡಿಸಿದವು. ಇವೆರಡೂ 1932ರ ಲೈಕಾ IIರ ನಕಲಾಗಿಯೇ ಹುಟ್ಟಿದ್ದರಿಂದ ದೂರದಿಂದ ಗುರುತು ಹಿಡಿಯುವುದು ಕಷ್ಟ.

ಕೆತ್ತನೆಯನ್ನು ನೋಡಿ ತೀರ್ಮಾನಿಸಲು ಹೋದವರೇ ಹೆಚ್ಚು ಮೋಸ ಹೋಗುವುದು. ನಕಲು ಮಾಡುವವನು ತನ್ನ ಶ್ರಮವನ್ನೆಲ್ಲ ಸುರಿಯುವುದು ಅಲ್ಲಿಯೇ. ಅವನು ಕೈ ಹಾಕದೆ ಬಿಟ್ಟ ಭಾಗಗಳತ್ತ ಮೊದಲು ಹೋಗಬೇಕು.

ಲೆನ್ಸನ್ನು ತಿರುಗಿಸಿ ಬಿಚ್ಚಿ. ಲೆನ್ಸ್ ಕೂರುವ ಸುತ್ತಿನ ಒಳಗೆ, ಮೇಲ್ಭಾಗದಲ್ಲಿ, ರೇಂಜ್‌ಫೈಂಡರ್‌ಗೆ (ದೂರ ಅಳೆದು ಫೋಕಸ್ ಹೊಂದಿಸಲು ನೆರವಾಗುವ ಭಾಗ) ಸೇರಿದ ಪುಟ್ಟ ತೋಳೊಂದು ಕಾಣುತ್ತದೆ. ಲೆನ್ಸ್ ಹಿಂದೆ ಮುಂದೆ ಸರಿದಾಗ ಅದರ ಹಿಂಬದಿಯ ಅಂಚು ಈ ತೋಳನ್ನು ತಳ್ಳುತ್ತದೆ. ಲೈಕಾದಲ್ಲಿ ತೋಳಿನ ತುದಿಗೆ ತಾನೇ ಉರುಳುವ ದುಂಡನೆಯ ಚಕ್ರವಿರುತ್ತದೆ. ಫೆಡ್ ಮತ್ತು ಝೋರ್ಕಿಯಲ್ಲಿ ಚಕ್ರವಿಲ್ಲ. ನೀರ ಹನಿಯಂತೆ ಒಂದು ಕಡೆ ಚೂಪಾದ ಗಟ್ಟಿ ಲೋಹದ ತುಂಡು ಇರುತ್ತದೆ. ಇದನ್ನು ಬದಲಿಸಬೇಕಾದರೆ ರೇಂಜ್‌ಫೈಂಡರನ್ನೇ ಮತ್ತೆ ಹೊಂದಿಸಬೇಕು. ಅಗ್ಗದ ನಕಲಿಗೆ ಅಷ್ಟು ಕೆಲಸ ಯಾರೂ ಮಾಡುವುದಿಲ್ಲ. ನಮ್ಮ ಮಟ್ಟಿಗೆ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ತೂಕ ಇದಕ್ಕೇ. ತೋಳಿದ್ದೂ ಚಕ್ರ ಇಲ್ಲವೆಂದರೆ ಮಾತು ಅಲ್ಲಿಗೆ ಮುಗಿಯಿತು, ಅದು ಲೈಕಾ ಅಲ್ಲ. ಚಕ್ರ ಇದ್ದರೆ ಮುಂದಕ್ಕೆ ಹೋಗಿ.

ಕೈಯಲ್ಲಿರುವ ಲೆನ್ಸ್ ಎರಡನೆಯ ಸಾಕ್ಷಿ. ನಕಲಿಯ ಮೇಲೆ ಲೈಟ್ಸ್ ಲೆನ್ಸಿನ ಹೆಸರು ‘ಎಲ್ಮಾರ್ 50 ಮಿ.ಮೀ. 3.5’ ಎಂದು ಬರೆದಿರುತ್ತದೆ. ಒಳಗಿರುವುದು ಸಾಮಾನ್ಯವಾಗಿ ಸೋವಿಯತ್ ಲೆನ್ಸ್ ‘ಇಂಡಸ್ಟಾರ್-22’. ಎರಡರಲ್ಲೂ ನಾಲ್ಕು ಗಾಜುಗಳೇ, ಎರಡೂ ಒಳಕ್ಕೆ ಮಡಚಿಕೊಳ್ಳುವಂಥವೇ. ವ್ಯತ್ಯಾಸ ಇರುವುದು ಅಪರ್ಚರ್ (ಬೆಳಕು ಒಳಬರುವ ಕಂಡಿ) ಎಲೆಗಳು ಕೂತ ಜಾಗದಲ್ಲಿ. ಎಲ್ಮಾರ್‌ನಲ್ಲಿ ಅವು ಮೊದಲ ಗಾಜಿನ ಬೆನ್ನಿಗೇ ಇವೆ. ಇಂಡಸ್ಟಾರ್-22ರಲ್ಲಿ ಎರಡನೆಯ ಗಾಜನ್ನೂ ದಾಟಿ ಒಳಗಿವೆ. ಅಪರ್ಚರನ್ನು ಪೂರ್ತಿ ಕಿರಿದು ಮಾಡಿ, ಲೆನ್ಸನ್ನು ಓರೆಯಾಗಿ ಹಿಡಿದು ಟಾರ್ಚ್ ಬಿಟ್ಟರೆ ಎಲೆಗಳು ಎಷ್ಟು ಆಳದಲ್ಲಿವೆ ಎಂಬುದು ತಿಳಿಯುತ್ತದೆ. ಲೆನ್ಸಿನ ಮೇಲಿನ ಅಪರ್ಚರ್ ಅಂಕಿಗಳನ್ನೂ ಓದಿ: ಯುದ್ಧಕ್ಕೆ ಮುಂಚಿನ ಎಲ್ಮಾರ್‌ನಲ್ಲಿ 3.5, 4.5, 6.3, 9, 12.5, 18 ಎಂದಿರುತ್ತದೆ. ‘1936’ ಎಂದು ಬರೆದ ಕ್ಯಾಮೆರಾದ ಲೆನ್ಸಿನಲ್ಲಿ 4, 5.6, 8, 11, 16 ಕಂಡರೆ ಅದು ಆ ಕ್ಯಾಮೆರಾದ ಜೊತೆಗೆ ಹುಟ್ಟಿದ್ದಲ್ಲ. ಗಾಜಿನ ನೀಲಿ ಛಾಯೆಯೊಂದನ್ನೇ ನಂಬಿ ನಕಲಿ ಎನ್ನಬೇಡಿ. ಹಳೆಯ ಎಲ್ಮಾರ್‌ಗೆ ಮುಂದೆ ಲೇಪ ಹಾಕಿಸಿಕೊಂಡವರೂ ಇದ್ದಾರೆ. ಹಾಗೆಯೇ ಅಸಲಿ ಎಲ್ಮಾರನ್ನು ಝೋರ್ಕಿ ಒಡಲಿಗೆ ತಿರುಗಿಸಿ ಮಾರುವುದೂ ಉಂಟು. ಆದ್ದರಿಂದ ಲೆನ್ಸನ್ನೂ ಒಡಲನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಿ.

ಶಟರ್ ಎಷ್ಟು ವೇಗದಲ್ಲಿ ತೆರೆದು ಮುಚ್ಚಬೇಕೆಂದು ಹೊಂದಿಸುವ ಶಟರ್ ಡಯಲ್‌ಗೆ ಬನ್ನಿ. ಲೈಕಾ IIರಲ್ಲಿ 20, 30, 40, 60, 100, 200, 500 ಎಂಬ ಸಾಲು ಇರುತ್ತದೆ. 25, 50, 100, 250, 500 ಇದ್ದರೆ ಅದು 1950ರ ದಶಕದ ಸೋವಿಯತ್ ಡಯಲ್. ಹಳೆಯ ಫೆಡ್‌ನಲ್ಲಿ ಲೈಕಾದ ಅಂಕಿಗಳೇ ಇರುವುದರಿಂದ, ಅಂಕಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ‘ಲೈಕಾ III’ ಎಂದು ಮಾರುತ್ತಿದ್ದರೆ ಮುಂಭಾಗದಲ್ಲಿ ನಿಧಾನ ವೇಗಗಳ ಪುಟ್ಟ ಡಯಲ್ ಮತ್ತು ಎರಡೂ ಬದಿಗೆ ಪಟ್ಟಿ ಕಟ್ಟುವ ಕೊಂಡಿಗಳು ಇರಲೇಬೇಕು. ಮೊದಲ ಫೆಡ್, ಝೋರ್ಕಿಗಳಿಗೆ ಎರಡೂ ಇಲ್ಲ.

ಇನ್ನು ಆ ಅಲಂಕಾರಗಳ ಕಥೆ. ಲೈಟ್ಸ್ ಚಿನ್ನದ ಲೇಪದ ‘ಲಕ್ಸಸ್’ ಕ್ಯಾಮೆರಾಗಳನ್ನು ಮಾಡಿದ್ದು ನಿಜ, ಆದರೆ ನೂರರೊಳಗೆ, ಅದೂ 1930ರ ಆಸುಪಾಸಿನಲ್ಲಿ. ಅವು ಲೈಕಾ I ಮಾದರಿಯವಾದ್ದರಿಂದ ಮೂಲದಲ್ಲಿ ರೇಂಜ್‌ಫೈಂಡರೇ ಇರಲಿಲ್ಲ. ಸೇನೆಗೆ ಹೋದ ಅಸಲಿ ಲೈಕಾಗಳಲ್ಲಿ ಹೆಚ್ಚಿನವು ಯುದ್ಧಕಾಲದ IIIಸಿ ಮಾದರಿಯವು. ಗುರುತು ಸರಳ ಅಕ್ಷರಗಳಲ್ಲಿರುತ್ತದೆ. ದೊಡ್ಡ ಹದ್ದು, ಸ್ವಸ್ತಿಕ, ಜೊತೆಗೆ ಚಿನ್ನ ಎಲ್ಲವೂ ಒಟ್ಟಿಗೆ ಕಂಡರೆ ಸಂಶಯ ಪಡಲು ಅಷ್ಟೇ ಸಾಕು. ಸೀರಿಯಲ್ ನಂಬರನ್ನು ಲೈಕಾ ಪಟ್ಟಿಗಳೊಂದಿಗೆ ಹೋಲಿಸಿ. ವರ್ಷ ಮಾತ್ರವಲ್ಲ, ಮಾದರಿಯೂ ತಾಳೆಯಾಗಬೇಕು. ಆದರೆ ಅಸಲಿ ನಂಬರನ್ನೇ ನಕಲಿಯ ಮೇಲೆ ಕೊರೆಯುವುದು ಸುಲಭ ಎಂಬುದು ನೆನಪಿರಲಿ.

ಮೇಲಿನ ತಟ್ಟೆಗೆ ಒಂದು ಬದಿಯಿಂದ, ತೀರಾ ತಗ್ಗಿನಿಂದ ಬೆಳಕು ಬೀಳಿಸಿದರೆ ಹಳೆಯ ಹೆಸರು ಉಜ್ಜಿದ ಜಾಗದಲ್ಲಿ ಸಣ್ಣ ತಗ್ಗು ಕಾಣಿಸಬಹುದು. ತಳದ ಮುಚ್ಚಳ ತೆಗೆದು ಒಳಗೂ ನೋಡಿ. ಹೊರಗೆಲ್ಲ ಪಾಲಿಶ್ ಮಾಡಿದವರು ಒಳಗೆ ಸಿರಿಲಿಕ್ (ರಷ್ಯನ್ ಲಿಪಿಯ) ಅಕ್ಷರ ಬಿಟ್ಟಿರುವುದುಂಟು.

ಸರಿ, ನಕಲಿ ಎಂದು ಗೊತ್ತಿದ್ದೇ ಕೊಂಡರೆ ಹೇಗೆ? ಫೋಟೊ ತೆಗೆಯಲು ಬೇಕೆಂದರೆ ನಾವು ಬೇಡ ಎನ್ನುತ್ತೇವೆ. ಲೇಪಕ್ಕಾಗಿ ಒಡಲನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸುವಾಗ ಲೆನ್ಸ್ ಸುತ್ತಿನ ಕೆಳಗಿನ ತೆಳ್ಳನೆಯ ಕಾಗದದ ಬಿಲ್ಲೆಗಳು ಕಳೆದುಹೋಗುತ್ತವೆ. ಸುತ್ತಿನಿಂದ ಫಿಲ್ಮ್‌ವರೆಗಿನ 28.8 ಮಿ.ಮೀ. ಅಂತರ ಕೂದಲೆಳೆಯಷ್ಟು ತಪ್ಪಿದರೂ ದೂರದ ದೃಶ್ಯ ಮಸುಕಾಗುತ್ತದೆ. ಶಟರ್‌ನ ಪರದೆಯೂ ಹಳೆಯದೇ: ಲೆನ್ಸನ್ನೂ ತಳದ ಮುಚ್ಚಳವನ್ನೂ ತೆಗೆದು, ಕತ್ತಲಲ್ಲಿ ತಳದ ಕಡೆಯಿಂದ ಒಳಗೆ ಬೆಳಕು ಬಿಟ್ಟರೆ ರಬ್ಬರ್ ಬಟ್ಟೆಯಲ್ಲಿ ಸೂಜಿರಂಧ್ರಗಳಿದ್ದರೆ ನಕ್ಷತ್ರಗಳಂತೆ ಕಾಣುತ್ತವೆ. ವೇಗ ಪರೀಕ್ಷಿಸುವಾಗ ಮೊದಲು ಫಿಲ್ಮ್ ಗುಂಡಿ ತಿರುಗಿಸಿ ಶಟರ್ ಎಳೆದು, ಆಮೇಲೆ ಡಯಲ್ ಎತ್ತಿ ಹೊಂದಿಸಿ; ಎಳೆಯುವ ಮುಂಚೆ ಡಯಲ್‌ನ ಗುರುತು ಸರಿಯಾದ ಜಾಗದಲ್ಲಿ ನಿಂತಿರುವುದಿಲ್ಲ.

ಅಲಂಕಾರಕ್ಕೆ ಮೇಜಿನ ಮೇಲಿಡಲು ಬೇಕಿದ್ದರೆ ಸಾದಾ ಝೋರ್ಕಿಯ ಬೆಲೆಗಿಂತ ಒಂದಿಷ್ಟು ಹೆಚ್ಚು ಕೊಡಬಹುದು, ಅದಕ್ಕಿಂತ ಮೇಲಲ್ಲ. ನಮಗೆ ನಿಜವಾಗಿ ಬೇಸರ ತರುವುದು ಬೇರೆ: ಯುದ್ಧಪೂರ್ವದ ಫೆಡ್ ತನ್ನಷ್ಟಕ್ಕೇ ಸಂಗ್ರಹಯೋಗ್ಯ ಕ್ಯಾಮೆರಾ. ಅದರ ಹೆಸರು ಉಜ್ಜಿ ಲೈಕಾ ಎಂದು ಕೊರೆದ ಮೇಲೆ ಫೆಡ್ ಆಗಿಯೂ ಬೆಲೆ ಉಳಿಯುವುದಿಲ್ಲ. ಅಷ್ಟೇ ಹಣಕ್ಕೆ ಯಾರೂ ಮುಟ್ಟದ ಝೋರ್ಕಿ ತೆಗೆದುಕೊಂಡರೆ ಚಿತ್ರವಾದರೂ ಸ್ಪಷ್ಟ ಬರುತ್ತದೆ.

ದೂರದಿಂದ ಕೊಳ್ಳುವವರು ಮಾರುವವರಲ್ಲಿ ನಾಲ್ಕು ಫೋಟೊ ಕೇಳಬೇಕು: ಲೆನ್ಸ್ ಬಿಚ್ಚಿದ ಸುತ್ತಿನ ಒಳಭಾಗ, ಅಪರ್ಚರ್ ಮುಚ್ಚಿದ ಲೆನ್ಸ್, ಶಟರ್ ಡಯಲ್, ತಳ ತೆಗೆದ ಒಡಲು. ‘ಲೆನ್ಸ್ ಬಿಗಿಯಾಗಿದೆ, ಬಿಚ್ಚಲು ಬರುತ್ತಿಲ್ಲ’ ಎಂಬ ಉತ್ತರ ಬಂದರೆ ಮುಂಗಡ ಕೊಡಬೇಡಿ.