ಹ್ಯಾಲೊವೀನ್ ರಾತ್ರಿಗೆ ಯಾವ ದೆವ್ವ ವಾಸಿ?

ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಸಣ್ಣ ಊರಲ್ಲಿ. ಅಕ್ಟೋಬರ್ 31ರ ಸಂಜೆ ಆರರಿಂದ ಎಂಟರವರೆಗೆ ನಮ್ಮ ಬೀದಿಯಲ್ಲಿ ಯಾವ ಮನೆಯ ಕಾಲಿಂಗ್ ಬೆಲ್ಲೂ ಸುಮ್ಮನಿರುವುದಿಲ್ಲ. ಮಾಟಗಾತಿ, ಅಸ್ಥಿಪಂಜರ, ಸ್ಪೈಡರ್‌ಮ್ಯಾನ್, ಒಂದು ಸಲ ಬಾಳೆಹಣ್ಣಿನ ವೇಷದ ಎರಡು ವರ್ಷದ ಮಗು, ಎಲ್ಲರೂ ಚೀಲ ಹಿಡಿದು ಬರುತ್ತಾರೆ. ಪೋರ್ಚ್ ಲೈಟ್ ಉರಿಯುತ್ತಿದ್ದರೆ ಚಾಕೊಲೇಟ್ ಇದೆ ಅಂತ ಅರ್ಥ. ಆರಿದ್ದರೆ ಮುಂದಿನ ಮನೆ ನೋಡಿಕೊಳ್ಳಿ ಅಂತ.

ಈ ಗಲಾಟೆಯ ದಿನವೇ ಒಂದು ಹಾರರ್ ಸಿನಿಮಾ ನೋಡುವುದು ನಮ್ಮ ಮನೆಯ ಪದ್ಧತಿ. ನಾಲ್ಕು ಹ್ಯಾಲೊವೀನ್, ನಾಲ್ಕು ಸಿನಿಮಾ, ಅದೇ ಸೋಫಾ. ಯಾವುದು ಜಾಸ್ತಿ ಹೆದರಿಸುತ್ತದೆ ಅಂತ ಮಾತ್ರ ಕೇಳಿದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು: 'ಹೆರೆಡಿಟರಿ'. ಆದರೆ ಅದನ್ನೇ ಹಾಕಿ ನಾವು ಒಂದು ಹ್ಯಾಲೊವೀನ್ ಪೂರ್ತಿ ಹಾಳು ಮಾಡಿಕೊಂಡೆವು. ಹಾಗಾಗಿ ಮೊದಲು ಅದರ ಕಥೆ.

'ಹೆರೆಡಿಟರಿ' 2018ರದ್ದು, ಆರಿ ಆಸ್ಟರ್ ನಿರ್ದೇಶಿಸಿದ ಮೊದಲ ದೊಡ್ಡ ಚಿತ್ರ. ಎರಡು ಗಂಟೆ ಏಳು ನಿಮಿಷ. ಟೋನಿ ಕೊಲೆಟ್ ಇದರಲ್ಲಿ ಆನಿ ಅನ್ನುವ ತಾಯಿ. ಚಿಕ್ಕ ಚಿಕ್ಕ ಗೊಂಬೆಮನೆ ಮಾಡುವುದು ಅವಳ ಕಸುಬು. ಅವಳ ಅಮ್ಮ ತೀರಿಕೊಂಡ ಸುದ್ದಿಯಿಂದ ಸಿನಿಮಾ ಶುರುವಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಒಂದು ಗೊಂಬೆಮನೆಯ ಹತ್ತಿರ ಹೋಗುತ್ತದೆ. ಅದರ ಒಂದು ಕೋಣೆ ಪರದೆ ತುಂಬುತ್ತದೆ. ಅಷ್ಟರಲ್ಲಿ ಆ ಗೊಂಬೆ ಕೋಣೆಯ ಬಾಗಿಲು ತೆಗೆದುಕೊಂಡು ನಿಜವಾದ ಅಪ್ಪ ಒಳಗೆ ಬಂದು, ಮಲಗಿದ್ದ ಮಗನನ್ನು ಎಬ್ಬಿಸುತ್ತಾನೆ. ಈ ಮನೆಯವರನ್ನು ಯಾರೋ ಮೇಲಿನಿಂದ ಆಡಿಸುತ್ತಿದ್ದಾರೆ ಅನ್ನುವುದು ಒಂದೂ ಮಾತಿಲ್ಲದೆ ಗೊತ್ತಾಗಿಬಿಡುತ್ತದೆ.

ಆ ಶಾಟ್ ಬರುವಾಗ ನಮ್ಮ ಮನೆಗೆ ಡೈನೋಸಾರ್ ಬಂತು. ಎದ್ದು ಹೋಗಿ ಚಾಕೊಲೇಟ್ ಕೊಟ್ಟು ಬಂದೆ. ಹಿಂದಕ್ಕೆ ಹಾಕಿ ಮತ್ತೆ ನೋಡಿದೆವು. ಮತ್ತೆ ಬೆಲ್. ಈ ಸಿನಿಮಾ ಹೆದರಿಸುವುದು ಹೆಪ್ಪು ಹಾಕಿದ ಹಾಲಿನ ಥರ. ಅಲ್ಲಾಡಿಸದೆ ಬಿಡಬೇಕು. ಹತ್ತು ನಿಮಿಷಕ್ಕೊಮ್ಮೆ ಎದ್ದರೆ ಹೆಪ್ಪುಗಟ್ಟುವುದೇ ಇಲ್ಲ. ಇನ್ನೊಂದು ತೊಂದರೆ ಕತ್ತಲಿನದು. ಕೊನೆಯ ಭಾಗದಲ್ಲಿ ಮಗ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ. ಕೋಣೆ ಪೂರ್ತಿ ಕಪ್ಪು. ಢಮಾರ್ ಅನ್ನುವ ಮ್ಯೂಸಿಕ್ ಇಲ್ಲ, ಕ್ಯಾಮೆರಾ ಏನನ್ನೂ ತೋರಿಸಿಕೊಡುವುದಿಲ್ಲ. ಗೋಡೆಯ ಮೇಲಿನ ಮೂಲೆಯಲ್ಲಿ ಯಾರೋ ಅಂಟಿಕೊಂಡಿದ್ದಾರೆ. ನೀವಾಗಿಯೇ ಕಂಡುಹಿಡಿಯಬೇಕು. ನಮ್ಮ ಟಿವಿಯಲ್ಲಿ ಆ ಮೂಲೆಯಲ್ಲಿ ಕಂಡದ್ದು ಪೋರ್ಚ್ ಲೈಟಿನ ಪ್ರತಿಬಿಂಬ ಮಾತ್ರ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಇಲ್ಲಿ ಸಂಜೆ ಐದೂವರೆಗೇ ಕತ್ತಲು ಕವಿಯುತ್ತದೆ. ಅಂಥ ಒಂದು ಸಂಜೆ ಒಬ್ಬಳೇ ಕೂತು, ಪರದೆ ಎಳೆದು, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು ಮತ್ತೆ ನೋಡಿದೆ. ಆ ಮೂಲೆ ಈ ಸಲ ಕಂಡಿತು. ಕಂಡ ಮೇಲೆ ಎದ್ದು ಲೈಟ್ ಹಾಕುವುದಕ್ಕೂ ಆಗಲಿಲ್ಲ, ಸ್ವಿಚ್ ಗೋಡೆಯ ಮೇಲಿತ್ತಲ್ಲ. ಚಿತ್ರದಲ್ಲಿ ಮಗಳು ನಾಲಿಗೆಯಿಂದ 'ಟಕ್' ಅಂತ ಒಂದು ಸದ್ದು ಮಾಡುತ್ತಾಳೆ. ನಮ್ಮ ಯಜಮಾನರು ಅದನ್ನು ಮಾರನೇ ದಿನ ಅಡುಗೆಮನೆಯಿಂದ ಮಾಡಿದರು. ಮೂರು ದಿನ ಮಾತು ಬಿಟ್ಟಿದ್ದೆ.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಪದ್ಧತಿ ಇದೆ. ಬಿಡುಗಡೆಯ ದಿನ ಥಿಯೇಟರಿಗೆ ಬಂದವರ ಕೈಗೆ ಕಾರ್ಡ್ ಕೊಟ್ಟು ಮಾರ್ಕ್ಸ್ ಹಾಕಿಸುತ್ತಾರೆ. 'ಹೆರೆಡಿಟರಿ'ಗೆ ಬಂದದ್ದು ಡಿ ಪ್ಲಸ್. ವಿಮರ್ಶಕರು ಹಾಡಿ ಹೊಗಳಿದ ಸಿನಿಮಾಗೆ ಜನ ಕೊಟ್ಟದ್ದು ಜಸ್ಟ್ ಪಾಸ್! ಐದು ವರ್ಷ ಮೊದಲು ಬಂದ 'ದಿ ಕಂಜ್ಯೂರಿಂಗ್'ಗೆ ಎ ಮೈನಸ್. ಎರಡನ್ನೂ ಒಂದೇ ಸೋಫಾದಲ್ಲಿ ನೋಡಿದ ಮೇಲೆ ನನಗೆ ಇದರಲ್ಲಿ ಆಶ್ಚರ್ಯ ಅನಿಸಲಿಲ್ಲ. 'ಕಂಜ್ಯೂರಿಂಗ್' ನೋಡಿ ಎದ್ದವರು ನಗುತ್ತಾ ಏಳುತ್ತಾರೆ. ಇನ್ನೊಂದನ್ನು ನೋಡಿದವರು ಚಪ್ಪಲಿ ಹುಡುಕುತ್ತಾ ಸುಮ್ನೆ ಮನೆಗೆ ಹೋಗುತ್ತಾರೆ.

ಜೇಮ್ಸ್ ವಾನ್ ಅವರ 'ಕಂಜ್ಯೂರಿಂಗ್' ಹಾಕಿದ್ದು 2024ರಲ್ಲಿ. ಆ ವರ್ಷ ನರಕ ಚತುರ್ದಶಿಯೂ ಹ್ಯಾಲೊವೀನೂ ಒಂದೇ ದಿನ ಬಿದ್ದಿದ್ದವು. ಬೆಳಗ್ಗೆ ಎಣ್ಣೆ ಸ್ನಾನ, ಸಂಜೆ ಹೊಸಿಲ ಒಂದು ಕಡೆ ಹಣತೆ, ಇನ್ನೊಂದು ಕಡೆ ಹಲ್ಲು ಕಿರಿದ ಕುಂಬಳಕಾಯಿ. ಅಮ್ಮ ಬೆಂಗಳೂರಿನಿಂದ ಬಂದಿದ್ದರು. 1971ರಲ್ಲಿ ರೋಡ್ ಐಲೆಂಡ್‌ನ ಹಳೇ ತೋಟದ ಮನೆಗೆ ಐದು ಹೆಣ್ಣುಮಕ್ಕಳ ಸಂಸಾರ ಬರುವ ಕಥೆ ಅದು. ಮೊದಲ ದಿನವೇ ನಾಯಿ ಹೊಸಿಲು ದಾಟಲು ಒಪ್ಪುವುದಿಲ್ಲ. ಅಮ್ಮ ಅಲ್ಲೇ ತೀರ್ಪು ಕೊಟ್ಟರು: "ನಾಯಿ ಒಳಗೆ ಬರಲ್ಲ ಅಂದಮೇಲೆ ಆ ಮನೆ ಯಾಕೆ ಬೇಕಿತ್ತು? ಒಂದು ಗಣಹೋಮನಾದ್ರೂ ಮಾಡಿಸಬಾರದಾ?" ಗಡಿಯಾರಗಳೆಲ್ಲ ರಾತ್ರಿ 3.07ಕ್ಕೆ ನಿಂತಾಗ, "ನೋಡು, ನಾನು ಹೇಳಿರಲಿಲ್ವಾ?" ಅಂದರು.

ಇದರಲ್ಲಿ ಮಕ್ಕಳು ಒಂದು ಆಟ ಆಡುತ್ತಾರೆ. ನಮ್ಮ ಕಣ್ಣಾಮುಚ್ಚೆ ಕಾಡೇಗೂಡೆ ಥರದ್ದೇ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಚಪ್ಪಾಳೆ ತಟ್ಟಿ ಅನ್ನಬಹುದು, ಬಚ್ಚಿಟ್ಟುಕೊಂಡವರು ತಟ್ಟಬೇಕು. ತಾಯಿ ಬಟ್ಟೆ ಕಟ್ಟಿಕೊಂಡು ಒಂದು ಕೋಣೆಗೆ ಬರುತ್ತಾಳೆ. ಹಗಲು ಹೊತ್ತು, ಬೆಳಕು ಬೇಕಾದಷ್ಟಿದೆ. ಹಿಂದಿದ್ದ ಬೀರುವಿನ ಬಾಗಿಲು ತೆರೆದುಕೊಳ್ಳುತ್ತದೆ. ಬಟ್ಟೆಗಳ ಮಧ್ಯದಿಂದ ಎರಡು ಕೈ ಹೊರಗೆ ಬಂದು ತಟ್ಟುತ್ತವೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಬೆಲ್ ಹೊಡೆಯಿತು. ಸೋಫಾದಲ್ಲಿದ್ದ ಐದೂ ಜನ ಕಿರುಚಿದರು. ಬಾಗಿಲಲ್ಲಿದ್ದ ಪುಟ್ಟ ಮಾಟಗಾತಿ ಹೆದರಿ ಅವರಪ್ಪನ ಕಾಲು ಹಿಡಿದುಕೊಂಡಳು.

ಬೆಲ್ ಇಲ್ಲಿ ಅಡ್ಡ ಬರಲೇ ಇಲ್ಲ. 'ಕಂಜ್ಯೂರಿಂಗ್' ಅನ್ನು ಎಲ್ಲಿ ನಿಲ್ಲಿಸಿ ಎಲ್ಲಿಂದ ಶುರು ಮಾಡಿದರೂ ಐದು ನಿಮಿಷದಲ್ಲಿ ಒಂದು ಬಾಗಿಲು ಕಿರ್ ಅನ್ನುತ್ತದೆ. ನನ್ನ ದೂರು ಕೊನೆಯ ಅರ್ಧ ಗಂಟೆಯದು. ದೆವ್ವ ಬಿಡಿಸುವ ಗದ್ದಲದಲ್ಲಿ ಅದುವರೆಗೆ ಕಟ್ಟಿದ ಭಯವೆಲ್ಲ ಸೋರಿಹೋಗುತ್ತದೆ. ಅಮ್ಮನಿಗೆ ಮಾತ್ರ ಅದೇ ಇಷ್ಟವಾಯಿತು. ಅವರ ಲೆಕ್ಕದಲ್ಲಿ ಸಿನಿಮಾಕ್ಕಿಂತ ದೊಡ್ಡ ಹಾರರ್ ನಮ್ಮ ಬಾಗಿಲಲ್ಲಿತ್ತು. ಕತ್ತಲಾದ ಮೇಲೆ ಮುಖವಾಡ ಹಾಕಿಕೊಂಡು ಬಂದವರಿಗೆ ಬಾಗಿಲು ತೆಗೆಯುವುದು ಅಂದರೇನು! ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದ ಕಾಲ ಕಂಡವರು ಅವರು. ಅದೇ ಥರದ ಕಥೆಯನ್ನು 2018ರ ಹಿಂದಿಯ 'ಸ್ತ್ರೀ' ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಸಿತು. ನಮ್ಮ ದೆವ್ವವನ್ನು ಅವರು ಹೊಡೆದುಕೊಂಡರು ಅಂತ ಅಮ್ಮನಿಗೆ ಇನ್ನೂ ಸಿಟ್ಟಿದೆ.

'ಎ ಕ್ವಯಟ್ ಪ್ಲೇಸ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಮಕ್ಕಳಿರುವ ಮನೆಗೆ ಕಣ್ಣು ಮುಚ್ಚಿ ಹೇಳಬಹುದಾದದ್ದು ಇದೊಂದೇ. ಬರೀ ಒಂದೂವರೆ ಗಂಟೆ. ರೇಟಿಂಗ್ ಪಿಜಿ-13, ಅಂದರೆ ಹದಿಮೂರು ತುಂಬದ ಮಕ್ಕಳಿಗೆ ಅಪ್ಪ ಅಮ್ಮ ಯೋಚಿಸಿ ತೋರಿಸಿ ಅಂತ. ಕಣ್ಣು ಕಾಣದ, ಕಿವಿ ಮಾತ್ರ ಚುರುಕಾದ ಪ್ರಾಣಿಗಳು. ಸದ್ದು ಮಾಡಿದರೆ ಸತ್ತಂತೆ. ಮಗಳ ಪಾತ್ರ ಮಾಡಿದ ಮಿಲಿಸೆಂಟ್ ಸಿಮಂಡ್ಸ್‌ಗೆ ನಿಜವಾಗಿಯೂ ಕಿವಿ ಕೇಳಿಸುವುದಿಲ್ಲ. ಮನೆಯವರೆಲ್ಲ ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ. ನಾವು ಇದನ್ನು ಹಾಕಿದ್ದು 2022ರಲ್ಲಿ, ದೀಪಾವಳಿ ಮುಗಿದು ಒಂದು ವಾರಕ್ಕೆ. ಡಬ್ಬದ ತುಂಬ ಚಕ್ಕುಲಿ ಉಳಿದಿತ್ತು. ಆ ನಿಶ್ಶಬ್ದದಲ್ಲಿ ಒಬ್ಬರು ಚಕ್ಕುಲಿ ಕಡಿದರೆ ಸಾಕು, ಉಳಿದವರು ತಿರುಗಿ ನೋಡುತ್ತಿದ್ದರು. ಕೊನೆಗೆ ಎಲ್ಲರೂ ಬಾಯಲ್ಲಿಟ್ಟು ನೆನೆಸಿ ತಿಂದೆವು. ಇದಕ್ಕೆ ರವೆ ಉಂಡೆಯೇ ಸರಿ.

'ಗೆಟ್ ಔಟ್' ಯಾಕಿಲ್ಲ ಅಂತ ಕೇಳುವವರಿದ್ದಾರೆ. ಜೋರ್ಡನ್ ಪೀಲ್ ಅವರ 2017ರ ಚಿತ್ರ, ಚಿತ್ರಕಥೆಗೆ ಆಸ್ಕರ್ ಬಂದದ್ದು. ಸಿನಿಮಾ ಅಂತ ನೋಡಿದರೆ ಇವೆಲ್ಲಕ್ಕಿಂತ ಒಂದು ಕೈ ಮೇಲೇ. ಆದರೆ ಅದು ಮುಗಿದ ಮೇಲೆ ನಮ್ಮಂಥವರ ಮಾತು ಆಫೀಸ್ ಪಾರ್ಟಿಯಲ್ಲಿ ನಾವೊಬ್ಬರೇ ಕಂದುಬಣ್ಣದವರಾಗಿದ್ದ ಕಥೆಗಳ ಕಡೆ ಹೊರಳುತ್ತದೆ, ನಡುರಾತ್ರಿ ಆಗುತ್ತದೆ. ಅದಕ್ಕೆ ಬೇರೆ ಶನಿವಾರ ಇಟ್ಟುಕೊಳ್ಳಿ.

ನನ್ನ ಓಟು 'ಇಟ್ ಫಾಲೋಸ್'ಗೆ. 2014ರದ್ದು, ಡೇವಿಡ್ ರಾಬರ್ಟ್ ಮಿಚೆಲ್ ನಿರ್ದೇಶನ, ನೂರು ನಿಮಿಷ. ಪಕ್ಷಪಾತ ಇದೆ, ಒಪ್ಪುತ್ತೇನೆ. ಇದು ನಮ್ಮ ಡೆಟ್ರಾಯಿಟ್ ಕಡೆಯೇ ತೆಗೆದದ್ದು. ಕಥೆ ಇಷ್ಟೇ: ಒಬ್ಬರಿಂದ ಒಬ್ಬರಿಗೆ ದಾಟುವ ಒಂದು ಶಾಪ. ತಗುಲಿಕೊಂಡವರ ಹಿಂದೆ ಏನೋ ಒಂದು ನಡೆದುಕೊಂಡು ಬರುತ್ತದೆ. ಓಡುವುದಿಲ್ಲ, ಹಾರುವುದಿಲ್ಲ, ನಡೆಯುತ್ತದೆ. ಯಾರ ರೂಪದಲ್ಲಾದರೂ ಬರಬಹುದು. ಬೇರೆಯವರ ಕಣ್ಣಿಗೆ ಕಾಣುವುದಿಲ್ಲ. ಕಾರು ಹತ್ತಿ ದೂರ ಹೋಗಬಹುದು, ಆದರೆ ಅದು ಎಲ್ಲೋ ಹೊರಟಿರುತ್ತದೆ, ನಿಮ್ಮ ಕಡೆಗೇ. ಶಾಪ ದಾಟುವುದು ಹಾಸಿಗೆಯ ಸಂಬಂಧದಿಂದ. ಹಾಗಾಗಿ ಅಪ್ಪ ಅಮ್ಮ ಬಂದಿರುವ ವರ್ಷ, ಅತ್ತೆ ಮಾವ ಬಂದಿರುವ ವರ್ಷ ಇದರ ಹೆಸರೂ ಎತ್ತಬೇಡಿ.

ಒಂದು ದೃಶ್ಯ ಹೇಳುತ್ತೇನೆ. ನಾಯಕಿ ಜೇ ಹೊಸ ಗೆಳೆಯನ ಜೊತೆ ಹಳೇ ಕಾಲದ ಥಿಯೇಟರಿಗೆ ಹೋಗುತ್ತಾಳೆ. ಡೆಟ್ರಾಯಿಟ್‌ನ ರೆಡ್‌ಫರ್ಡ್ ಥಿಯೇಟರ್ ಅದು, 1928ರಿಂದ ಇದೆ, ಒಳಗೆ ದೊಡ್ಡ ಆರ್ಗನ್ ವಾದ್ಯವಿದೆ. ಇಬ್ಬರೂ ಅಲ್ಲಿರುವ ಜನರನ್ನು ನೋಡಿ ಒಂದು ಆಟ ಆಡುತ್ತಾರೆ: ಒಬ್ಬರು ಯಾರ ಜಾಗದಲ್ಲಿರಲು ಇಷ್ಟಪಡುತ್ತಾರೆ ಅಂತ ಇನ್ನೊಬ್ಬರು ಊಹಿಸಬೇಕು. ಅವನು ಬಾಗಿಲ ಕಡೆ ತೋರಿಸಿ, ಆ ಹಳದಿ ಡ್ರೆಸ್ ಹುಡುಗಿಯಾ ಅಂತ ಕೇಳುತ್ತಾನೆ. ಜೇ ತಿರುಗಿ ನೋಡುತ್ತಾಳೆ. ಅಲ್ಲಿ ಯಾವ ಹುಡುಗಿಯೂ ಅವಳಿಗೆ ಕಾಣುವುದಿಲ್ಲ. ಅವನ ಮುಖ ಬಿಳಿಚಿಕೊಳ್ಳುತ್ತದೆ. ಇಷ್ಟೇ. ಆ ಹುಡುಗಿಯನ್ನು ನಮಗೂ ತೋರಿಸುವುದಿಲ್ಲ.

ಇಲ್ಲಿಂದ ಮುಂದೆ ನಮ್ಮ ಕಣ್ಣು ನಾಯಕಿಯ ಮೇಲೆ ನಿಲ್ಲುವುದಿಲ್ಲ. ಅಗಲವಾದ ಶಾಟ್‌ಗಳು, ಹಿಂದೆ ದೂರದಲ್ಲಿ ಯಾರೋ ಬರುತ್ತಿರುತ್ತಾರೆ. ಕಾಲೇಜು ಹುಡುಗನಾ? ಅದಾ? ನಮ್ಮ ಸೋಫಾದಲ್ಲಿ ಎಲ್ಲರೂ ಟಿವಿಯ ಮೂಲೆಗೆ ಬೆರಳು ತೋರಿಸುತ್ತಾ ಜಗಳ ಶುರುವಾಯಿತು. ಜೊತೆಗೆ ಡಿಸಾಸ್ಟರ್‌ಪೀಸ್ ಅನ್ನುವವರು ಮಾಡಿದ ಎಲೆಕ್ಟ್ರಾನಿಕ್ ಸಿಂಥ್ ಸಂಗೀತ. ಇನ್ನೊಂದು ವಿಷಯ: ಆ ಬೀದಿಗಳು ನಮ್ಮವೇ. ಅದೇ ಇಟ್ಟಿಗೆ ಮನೆ, ಅದೇ ಮೇಪಲ್ ಎಲೆ ಬಿದ್ದ ಫುಟ್‌ಪಾತ್. 'ಕಂಜ್ಯೂರಿಂಗ್' ಮನೆ ನಮ್ಮದಲ್ಲ ಬಿಡಿ ಅನ್ನಬಹುದು. ಇದರಲ್ಲಿ ಆ ಸೌಕರ್ಯ ಇಲ್ಲ. ಹ್ಯಾಲೊವೀನ್ ದಿನ ಅಂತೂ ಬೀದಿಯ ಆ ತುದಿಯಿಂದ ಮುಖ ಕಾಣದ ಯಾರೋ ನಿಧಾನವಾಗಿ ನಿಮ್ಮ ಮನೆ ಕಡೆಗೇ ನಡೆದು ಬರುತ್ತಿರುತ್ತಾರೆ.

ಎಂಟೂವರೆ ಮೇಲೆ, ಬೆಲ್ ನಿಂತ ಮೇಲೆ ಶುರು ಮಾಡಿ. ಪೋರ್ಚ್ ಲೈಟ್ ಆರಿಸಿ. ನಾವು ಆರಿಸಲು ಮರೆತಿದ್ದೆವು. ಚಿತ್ರದ ನಡುವೆ ಜೇ ಕೋಣೆಯ ಬಾಗಿಲು ತೆರೆಯುತ್ತದೆ, ಗೆಳತಿಯ ಬೆನ್ನ ಹಿಂದಿನ ಕತ್ತಲಿಂದ ಬಾಗಿಲಿಗಿಂತ ಎತ್ತರದ ಒಬ್ಬ ಮನುಷ್ಯ ಬಗ್ಗಿ ಒಳಗೆ ಬರುತ್ತಾನೆ. ಆಗ ಬೆಲ್ ಹೊಡೆಯಿತು. ಸಮಯ ಒಂಬತ್ತೂಕಾಲು. ಯಾರೂ ಏಳಲಿಲ್ಲ. ನೀನು ಹೋಗು, ನೀನು ಹೋಗು ಅಂತ ಪಿಸುಗುಟ್ಟಿಕೊಂಡೆವು. ಇನ್ನೊಂದು ಸಲ ಹೊಡೆಯಿತು. ಚಾಕೊಲೇಟ್ ಬೋಗುಣಿ ಹೊರಗೇ ಇದೆ, ಬೇಕಾದಷ್ಟು ತಗೊಂಡು ಹೋಗಲಿ ಅಂತ ಉಸಿರು ಬಿಗಿಹಿಡಿದು ಕೂತೆವು. ಬೆಳಗ್ಗೆ ನೋಡಿದರೆ ಬೋಗುಣಿಯೂ ಇರಲಿಲ್ಲ.